ಎತ್ತಿಗೆ ಹೆಸರಿತ್ತು

ಹಗ್ಗ ಬಿಗಿಯಾಗಿ ಹಿಡಿದುಕೊಳ್ಳಿ, ದೋಣಿ ದಡಕ್ಕೆ ತಾಗುತ್ತಿದೆ. ತಲೆಯ ಮೇಲೆ ಕಪ್ಪು ಹಾಯಿ ಗಾಳಿಯಿಲ್ಲದೆ ಜೋತುಬಿದ್ದಿದೆ. ನಿಮ್ಮ ಸುತ್ತ ಏಳು ಹುಡುಗರು, ಏಳು ಹುಡುಗಿಯರು. ಅಥೆನ್ಸ್ ಬಿಟ್ಟ ಮೇಲೆ ಯಾರೂ ಹೊಟ್ಟೆ ತುಂಬ ಉಂಡಿಲ್ಲ. ಕಾಲ ಕ್ರಿ.ಪೂ. 1400ರ ಆಸುಪಾಸು. ಎದುರಿಗಿರುವುದು ಕ್ರೀಟ್ ದ್ವೀಪದ ಉತ್ತರ ದಂಡೆಯ ಅಮ್ನಿಸೋಸ್ ಬಂದರು. ಮರಳಿನ ಮೇಲೆ ಎಳೆದು ನಿಲ್ಲಿಸಿದ ದೋಣಿಗಳು, ಒಣಗುವ ಬಲೆಗಳು, ಎಣ್ಣೆಯ ಗಡಿಗೆ ಹೊತ್ತು ಸಾಲಾಗಿ ಹೋಗುವ ಆಳುಗಳು. ಯಾರೂ ನಿಮ್ಮ ಕಡೆ ತಿರುಗಿ ನೋಡುವುದಿಲ್ಲ.

ಪಕ್ಕದಲ್ಲಿ ಕೂತವಳು ಕುಂಬಾರನ ಮಗಳು, ಹದಿಮೂರರ ಹುಡುಗಿ. ಉಗುರಿನ ಸಂದಿಯಲ್ಲಿ ಮನೆಯ ಜೇಡಿಮಣ್ಣು ಇನ್ನೂ ಉಳಿದಿದೆ. ಅದನ್ನು ತೊಳೆಯಲು ಅವಳಿಗೆ ಮನಸ್ಸಾಗಿಲ್ಲ. ಈ ಕತೆ ಮುಗಿಯುವವರೆಗೂ ನೀವು ಅವಳ ಬೆನ್ನ ಹಿಂದೆಯೇ ಇರುತ್ತೀರಿ.

ಅವಳಿಗೆ ಗೊತ್ತಿರುವುದು ದೊಡ್ಡವರು ಹೇಳಿದ್ದಷ್ಟೇ. ಕ್ರೀಟ್‌ನ ದೊರೆ ಮಿನೋಸ್‌ಗೆ ಸಮುದ್ರದೇವ ಪೊಸೈಡನ್ ಬಿಳಿಯ ಗೂಳಿಯೊಂದನ್ನು ಕಳಿಸಿದ. ಅದನ್ನು ಬಲಿ ಕೊಡಬೇಕಿತ್ತು. ದೊರೆಗೆ ಆಸೆ ಹುಟ್ಟಿತು, ತನಗೇ ಇಟ್ಟುಕೊಂಡ. ಮುನಿದ ದೇವರು ರಾಣಿ ಪಾಸಿಫೇಗೆ ಆ ಗೂಳಿಯ ಮೇಲೆ ಮೋಹ ಹುಟ್ಟಿಸಿದ. ಹುಟ್ಟಿದ ಕೂಸಿಗೆ ಮನುಷ್ಯನ ಮೈ, ಗೂಳಿಯ ತಲೆ. ಅದನ್ನು ಅಡಗಿಸಿಡಲು ಡೇಡಲಸ್ ಎಂಬ ಶಿಲ್ಪಿ ಲ್ಯಾಬಿರಿಂತ್ ಕಟ್ಟಿದ, ಒಳಗೆ ಹೋದವನಿಗೆ ಹೊರಗಿನ ದಾರಿ ಸಿಗದಂಥ ಮನೆ. ಮಿನೋಸ್‌ನ ಮಗ ಆಂಡ್ರೋಜಿಯಸ್ ಅಥೆನ್ಸ್ ಸೀಮೆಯಲ್ಲಿ ಸತ್ತ. ಅದರ ದಂಡವಾಗಿ ಒಂಬತ್ತು ವರ್ಷಕ್ಕೊಮ್ಮೆ ಹದಿನಾಲ್ಕು ಮಕ್ಕಳನ್ನು ಕಳಿಸಬೇಕು. ಮಿನೋಟಾರ್ ಅವರನ್ನು ತಿನ್ನುತ್ತದೆ. ಇದು ಮೂರನೆಯ ಸರದಿ.

ದೋಣಿಯ ಹಿಂಭಾಗದಲ್ಲಿ ಒಬ್ಬ ಮಾತ್ರ ಎದ್ದು ನಿಂತಿದ್ದಾನೆ. ಏಳು ಹುಡುಗರಲ್ಲಿ ಅವನೊಬ್ಬ, ಆದರೆ ಚೀಟಿ ಎತ್ತಿಸಿಕೊಂಡು ಬಂದವನಲ್ಲ, ತಾನಾಗಿ ಬಂದವನು. ದೊರೆ ಈಜಿಯಸ್‌ನ ಮಗ ಥೀಸಿಯಸ್. ಮುಂದೆ ಹಾಡುಗಳೆಲ್ಲ ಇವನವೇ. ಸದ್ಯಕ್ಕೆ ಇವನನ್ನು ಬಿಡಿ, ಹುಡುಗಿಯ ಹಿಂದೆ ಇಳಿಯಿರಿ.

ಇಳಿಯುವ ಮೊದಲು ಒಂದು ಮಾತು. ಈ ಕುಂಬಾರನ ಮಗಳನ್ನು ನಾನು ಕಲ್ಪಿಸಿದ್ದೇನೆ, ಅವಳಿಗೆ ಎದುರಾಗುವ ನಾಲ್ವರನ್ನೂ ಕಲ್ಪಿಸಿದ್ದೇನೆ. ಅವರು ಓಡಾಡುವ ಅಂಗಳ, ಉಗ್ರಾಣ, ಮೆಟ್ಟಿಲು, ಅವರ ಕೈಗೆ ಸಿಗುವ ಹಸಿ ಮಣ್ಣಿನ ಹಲಗೆ ಇವೆಲ್ಲ ಅಗೆದವರಿಗೆ ನೆಲದಲ್ಲಿ ಸಿಕ್ಕವು. ರಾಕ್ಷಸನ ಕತೆಗೆ ಚರಿತ್ರೆಯ ನೆಲ ಕೊಡುವವರು ಈ ಕರಾರಿಗೆ ಬದ್ಧರಾಗಿರಬೇಕು ಎಂದು ನಂಬಿದವನು ನಾನು.

*

ಬಂದರಿನಿಂದ ಒಳನಾಡಿಗೆ ಎರಡು ತಾಸಿನ ನಡಿಗೆ. ಆಲಿವ್ ತೋಪು, ದ್ರಾಕ್ಷಿಬಳ್ಳಿ, ಕುರಿಹಿಂಡು, ಮತ್ತೆ ಕುರಿಹಿಂಡು. ದಕ್ಷಿಣಕ್ಕೆ ಯುಕ್ತಾಸ್ ಬೆಟ್ಟ ಮಲಗಿದೆ, ಆಕಾಶಕ್ಕೆ ಮುಖ ಮಾಡಿದ ಗಡ್ಡದ ಮನುಷ್ಯನ ಪಕ್ಕನೋಟ ಅದರ ಅಂಚಿನಲ್ಲಿ ಕಾಣುತ್ತದೆ. ಆ ಬೆಟ್ಟದ ಉತ್ತರದ ಇಳಿಜಾರಿನಲ್ಲಿ, ನಮ್ಮ ಕತೆಗೆ ಸುಮಾರು 300 ವರ್ಷ ಹಿಂದೆ, ಭೂಕಂಪದಲ್ಲಿ ಕುಸಿದ ಗುಡಿಯೊಂದಿದೆ. ಅದನ್ನು 1979ರಲ್ಲಿ ತೆರೆದಾಗ ಬಲಿಪೀಠದಂಥ ಕಟ್ಟೆಯ ಮೇಲೆ ಒಬ್ಬ ಯುವಕನ ಅಸ್ಥಿ, ಅದರ ಜೊತೆಗೆ ಕಂಚಿನ ಉದ್ದನೆಯ ಅಲಗು ಸಿಕ್ಕವು. ಅದೇ ಹೊತ್ತಿಗೆ, ನಾವೀಗ ನಡೆದು ಹೊರಟಿರುವ ಕ್ನೋಸಸ್ ಊರಿನ ಒಂದು ಮನೆಯಲ್ಲಿ ಮಕ್ಕಳ ಎಲುಬುಗಳು ಸಿಕ್ಕವು, ಕೆಲವುಗಳ ಮೇಲೆ ಚಾಕುವಿನ ಗೀರುಗಳಿದ್ದವು. ನರಬಲಿಯೋ, ಶವಸಂಸ್ಕಾರದ ಬೇರೆ ಕ್ರಮವೋ ಎಂದು ವಿದ್ವಾಂಸರು ಇಂದಿಗೂ ಒಪ್ಪಿಲ್ಲ. ಹುಡುಗಿಯ ಊರಿನವರು ಭಯಪಟ್ಟದ್ದು ಬರೀ ಗಾಳಿಮಾತಿಗಲ್ಲ ಎನ್ನುವುದಕ್ಕೆ ಇವಿಷ್ಟು ಸಾಕು.

ಈಗ ತಿರುವು ದಾಟಿದಿರಿ. ಅಗೋ ಮನೆ.

ಕೋಟೆಯಿಲ್ಲ. ಅವಳಿಗೆ ಮೊದಲು ದಿಗಿಲಾಗುವುದು ಅದಕ್ಕೇ. ಅವಳ ಊರಿನ ದೊರೆಗಳು ಬಂಡೆಯ ಮೇಲೆ ವಾಸಿಸುವವರು. ಇಲ್ಲಿ ತಗ್ಗಿನ ಗುಡ್ಡದ ಮೇಲೆ, ಕೈರಾಟೋಸ್ ಹೊಳೆಯ ಪಕ್ಕದಲ್ಲಿ, ಮಾಳಿಗೆಯ ಮೇಲೆ ಮಾಳಿಗೆ ಬೆಳೆದು ಬಿಸಿಲಿಗೆ ತೆರೆದುಕೊಂಡಿದೆ. ಕೆಂಪು ಬಳಿದ ಮರದ ಕಂಬಗಳು ಬುಡದಲ್ಲಿ ಸಣ್ಣ, ತಲೆಯಲ್ಲಿ ದಪ್ಪ. ಸೂರಿನ ಅಂಚಿನಲ್ಲಿ ಕಲ್ಲಿನ ಕೊಂಬುಗಳ ಸಾಲು. ಗೋಡೆಯ ಕಲ್ಲುಗಳಲ್ಲಿ ಅಲ್ಲಲ್ಲಿ ಇಬ್ಬಾಯಿ ಕೊಡಲಿಯ ಗುರುತು ಕೊರೆದಿದೆ. ಯಾರಿಗೂ ಹೆದರದವರು ಮಾತ್ರ ಹೀಗೆ ಬಾಗಿಲು ತೆರೆದಿಟ್ಟು ಬದುಕುತ್ತಾರೆ.

ಒಳಗೆ ಕಾಲಿಟ್ಟ ಕೂಡಲೆ ಬಿಸಿಲು ಮಾಯವಾಗುತ್ತದೆ. ಕಿರಿದಾದ ಓಣಿ ಬಲಕ್ಕೆ ತಿರುಗಿ, ಎಡಕ್ಕೆ ತಿರುಗಿ, ಮತ್ತೆ ತಿರುಗುತ್ತದೆ. ಗೋಡೆಯ ಮೇಲೆ ಬಣ್ಣದ ಆಳೆತ್ತರದ ಜನ ಕಾಣಿಕೆ ಹೊತ್ತು ನಿಮ್ಮ ಜೊತೆಜೊತೆಗೇ ನಡೆಯುತ್ತಾರೆ. ಮೇಲಿಂದ ಬೆಳಕು ಇಳಿಯುವ ತೊಟ್ಟಿಯೊಂದು ಬರುತ್ತದೆ, ಕಣ್ಣು ಕೋರೈಸುತ್ತದೆ, ಮರುಕ್ಷಣ ಮತ್ತೆ ಕತ್ತಲೆ. ಕಾಲಡಿಯ ಹಾಸುಗಲ್ಲಿನ ಕೆಳಗೆ ಎಲ್ಲೋ ನೀರು ಹರಿಯುವ ಸದ್ದು, ಮಳೆನೀರು ಸಾಗಿಸುವ ಮೋರಿಗಳು ಅಲ್ಲಿವೆ. ಹುಡುಗಿ ತಿರುವುಗಳನ್ನು ಬೆರಳಲ್ಲಿ ಎಣಿಸುತ್ತಾಳೆ. ಹತ್ತು ಬೆರಳು ಮುಗಿದ ಮೇಲೆ ಬಿಟ್ಟುಬಿಡುತ್ತಾಳೆ.

ಓಣಿ ತಟ್ಟನೆ ಅಂಗಳಕ್ಕೆ ತೆರೆದುಕೊಳ್ಳುತ್ತದೆ. ಉದ್ದ ಸುಮಾರು 50 ಮೀಟರ್, ಅಗಲ ಅದರ ಅರ್ಧ. ಸುತ್ತ ಮಾಳಿಗೆಗಳಿಂದ ನೂರಾರು ಕಣ್ಣುಗಳು. ಪಡುಗಡೆಯ ಬಾಗಿಲೊಳಗೆ ಒಂದು ಕ್ಷಣ ಕಂಡದ್ದು ಜಿಪ್ಸಂ ಕಲ್ಲಿನ ಎತ್ತರದ ಪೀಠ, ಅದರ ಎರಡೂ ಬದಿ ಗೋಡೆಯಲ್ಲಿ ಹದ್ದಿನ ತಲೆ, ಸಿಂಹದ ಮೈ ಇರುವ ಪ್ರಾಣಿಗಳು. ಪೀಠ ಖಾಲಿ. ಅವಳು ಮಿನೋಸ್‌ನನ್ನು ನೋಡುವುದೇ ಇಲ್ಲ. ಆ ಮನೆಯಲ್ಲಿ ದುಡಿಯುವ ಬಹುತೇಕರು ಅವನನ್ನು ನೋಡಿಲ್ಲ.

*

ಮಕ್ಕಳನ್ನು ಕರೆದೊಯ್ದದ್ದು ಪಡುವಣ ಉಗ್ರಾಣಗಳ ಓಣಿಗೆ. ಎಡಕ್ಕೊಂದರ ಪಕ್ಕದಲ್ಲೊಂದು ಹದಿನೆಂಟು ಉದ್ದನೆಯ ಕೋಣೆಗಳು. ಪ್ರತಿ ಕೋಣೆಯಲ್ಲೂ ಮನುಷ್ಯನಿಗಿಂತ ಎತ್ತರದ ಗುಡಾಣಗಳು ಸಾಲುಗಟ್ಟಿ ನಿಂತಿವೆ. ಎಣ್ಣೆಯ ಕಮಟು, ಹಳೆಯ ದ್ರಾಕ್ಷಾರಸದ ಹುಳಿ, ಉಣ್ಣೆಯ ಜಿಡ್ಡು. ಕುಂಬಾರನ ಮಗಳ ಕೈ ತಾನಾಗಿ ಒಂದು ಗುಡಾಣದ ಮೈ ಸವರುತ್ತದೆ. ಬೆಂದ ಹದ ಚೆನ್ನಾಗಿದೆ, ಅಪ್ಪ ನೋಡಿದ್ದರೆ ಮೆಚ್ಚುತ್ತಿದ್ದ.

ಓಣಿಯ ತುದಿಯಲ್ಲಿ ಒಬ್ಬ ಕರಣಿಕ ಕಾಲು ಮಡಚಿ ಕೂತಿದ್ದಾನೆ. ಎಡ ಅಂಗೈಯಲ್ಲಿ ಹಸಿ ಮಣ್ಣಿನ ಹಲಗೆ, ತಾಳೆಗರಿಯ ಹಾಗೆ ಉದ್ದ, ಕಿರಿದು. ಬಲಗೈಯಲ್ಲಿ ಮೊನಚು ಕಡ್ಡಿ. ಅವನ ಪಕ್ಕ ಎಂಟು ವರ್ಷದ ಹುಡುಗನೊಬ್ಬ ಮಣ್ಣು ನಾದುತ್ತ, ಅಂಗೈಯಲ್ಲಿ ತಟ್ಟಿ ಹೊಸ ಹಲಗೆ ಮಾಡುತ್ತ ಕೂತಿದ್ದಾನೆ.

"ಮುಂದೆ ಬನ್ನಿ. ಹುಡುಗಿಯರು ಈ ಕಡೆ."

ಅವಳಿಗೆ ಮೈ ಜುಮ್ಮೆನ್ನುತ್ತದೆ. ಉಚ್ಚಾರ ಬೇರೆ, ಆದರೂ ಮಾತು ಅವಳದೇ. ರಾಕ್ಷಸನ ಮನೆಯ ಕರಣಿಕ ಅವಳ ತಾಯ್ನುಡಿ ಆಡುತ್ತಿದ್ದಾನೆ. ಆಶ್ಚರ್ಯವಿಲ್ಲ. ಈ ಹೊತ್ತಿಗೆ ಕ್ನೋಸಸ್‌ನ ಲೆಕ್ಕಪತ್ರಗಳೆಲ್ಲ ಗ್ರೀಕ್ ಭಾಷೆಗೆ ಬಂದಾಗಿದೆ. ಇದಕ್ಕೆ ಮೊದಲು ಇಲ್ಲಿ ಬರೆಯುತ್ತಿದ್ದ ಹಳೆಯ ಲಿಪಿಯ ಭಾಷೆಯನ್ನು ನಾವಿನ್ನೂ ಓದಲಾಗಿಲ್ಲ. ಆ ಜನರ ಕೈಯಿಂದ ಅಧಿಕಾರ ಜಾರಿ, ನೆಲದಾಚೆಯ ಗ್ರೀಕರ ಕೈಗೆ ಬಂದ ಕಾಲವಿದು.

"ನನ್ನ ಹೆಸರು..." ಎನ್ನುತ್ತಾಳೆ ಹುಡುಗಿ.

ಕರಣಿಕ ತಲೆ ಎತ್ತುವುದಿಲ್ಲ. ಹೆಣ್ಣು ಎನ್ನುವುದಕ್ಕೆ ಒಂದು ಗುರುತು. ಅದರ ಮುಂದೆ ಏಳು ನಿಂತ ಗೆರೆ. ಗಂಡು ಎನ್ನುವುದಕ್ಕೆ ಇನ್ನೊಂದು ಗುರುತು. ಅದರ ಮುಂದೆಯೂ ಏಳು ನಿಂತ ಗೆರೆ. ದೊಡ್ಡವರು, ಚಿಕ್ಕವರು ಎಂದು ಪಕ್ಕದಲ್ಲಿ ಒಂದು ಟಿಪ್ಪಣಿ. ಅಷ್ಟೇ. ಹಲಗೆ ಬುಟ್ಟಿಗೆ ಬೀಳುತ್ತದೆ.

ನೀವು ಅವನ ಭುಜದ ಮೇಲಿಂದ ಬಗ್ಗಿ ನೋಡಿ. ಆ ಏಳು ಗೆರೆಗಳಲ್ಲಿ ಕುಂಬಾರನ ಮಗಳು ಯಾವುದು? ಅವನಿಗೂ ಗೊತ್ತಿಲ್ಲ.

*

ಅವಳನ್ನು ನೂಲಿನ ಕೆಲಸಕ್ಕೆ ಹಾಕಿದರು. ಕೊಠಡಿಯ ತುಂಬ ಹಿಂಜಿದ ಉಣ್ಣೆಯ ಎಳೆಗಳು ಗಾಳಿಯಲ್ಲಿ ತೇಲುತ್ತವೆ, ಉಸಿರಿಗೆ ಸೇರಿ ಕೆಮ್ಮು ಬರಿಸುತ್ತವೆ. ಗೋಡೆಗೆ ಒರಗಿಸಿದ ನಿಲುವು ಮಗ್ಗಗಳಲ್ಲಿ ಹಾಸಿನ ನೂಲಿಗೆ ಮಣ್ಣಿನ ಗುಂಡುಗಳನ್ನು ಕಟ್ಟಿ ಇಳಿಬಿಟ್ಟಿದ್ದಾರೆ. ಅವು ಒಂದಕ್ಕೊಂದು ತಾಗಿ ದಿನವಿಡೀ ಟಣಟಣ ಎನ್ನುತ್ತವೆ. ಈ ಅರಮನೆಯ ಹಲಗೆಗಳಲ್ಲಿ ಲೆಕ್ಕಕ್ಕೆ ಬಂದ ಕುರಿಗಳೇ ಸುಮಾರು 1,00,000. ಅಷ್ಟು ಕುರಿಗಳ ಉಣ್ಣೆ ಬಟ್ಟೆಯಾಗಬೇಕು. ಬಟ್ಟೆ ಹಡಗು ಹತ್ತಬೇಕು. ಅದಕ್ಕೆ ಕೈಗಳು ಬೇಕು. ಚಿಕ್ಕ ಕೈಯಾದರೆ ನೂಲು ಇನ್ನೂ ನಯ.

ಪಕ್ಕದ ಮಗ್ಗದ ಹೆಂಗಸು ಇವಳನ್ನೇ ನೋಡುತ್ತಿದ್ದಾಳೆ. ಇಪ್ಪತ್ತೆರಡು, ಇಪ್ಪತ್ತಮೂರರ ಪ್ರಾಯ. ಬೆನ್ನು ಆಗಲೇ ಬಾಗಿದೆ.

"ಯಾವ ಕೇರಿಯವ್ವ ನಿಂದು?"

"ಕುಂಬಾರರ ಕೇರಿ, ಅಕ್ಕ."

"ಬಾವಿಯ ಪಕ್ಕದ ಆಲಿವ್ ಮರ ಇನ್ನೂ ಇದೆಯಾ?"

ಹುಡುಗಿಯ ಕೈಯಿಂದ ಕದಿರು ಜಾರುತ್ತದೆ. ಬಾವಿಯ ಪಕ್ಕದ ಮನೆಯ ಮುದುಕಿಯನ್ನು ಅವಳು ಬಲ್ಲಳು. ಒಂಬತ್ತು ವರ್ಷದ ಹಿಂದೆ ಮಗಳನ್ನು ಕಪ್ಪು ಹಾಯಿಯ ದೋಣಿಗೆ ಹತ್ತಿಸಿ ಬಂದವಳು. ಪ್ರತಿ ವರ್ಷ ಅದೇ ದಿನ ತಲೆಗೂದಲು ಕತ್ತರಿಸಿ ಖಾಲಿ ಗೋರಿಯ ಮೇಲಿಡುವವಳು. ಮಗಳನ್ನು ರಾಕ್ಷಸ ತಿಂದ ಎಂದೇ ಇಡೀ ಕೇರಿ ಅತ್ತಿತ್ತು.

"ಅಕ್ಕ, ನಿನ್ನನ್ನು... ಅದು ತಿನ್ನಲಿಲ್ಲವೇ?"

ಹೆಂಗಸು ಉತ್ತರಿಸುವುದಿಲ್ಲ. ಹೊಕ್ಕಿನ ನೂಲನ್ನು ಎಳೆದು, ಬಡಿದು, ಬಿಗಿ ಮಾಡುತ್ತಾಳೆ. ಸಂಜೆ ಮಣ್ಣಿನ ಕೈಯ ಆ ಹುಡುಗ ಓಡಿಬಂದು ಅವಳ ಮಡಿಲಿಗೆ ಬೀಳುತ್ತಾನೆ. ಅವಳ ಮಗ. ಇಲ್ಲೇ ಹುಟ್ಟಿದವನು. ಯಾರ ಮಗನೆಂದು ಕುಂಬಾರನ ಮಗಳು ಕೇಳುವುದಿಲ್ಲ, ನೀವೂ ಕೇಳಬೇಡಿ.

ಮೊದಲ ಸರದಿಯವರು ಎಲ್ಲಿ? ಬೀಸುವ ಕಲ್ಲಿನ ಹತ್ತಿರ ಒಬ್ಬಳಿದ್ದಾಳೆ. ದೂರದ ಹಳ್ಳಿಯ ಕುರಿದೊಡ್ಡಿಗೆ ಇಬ್ಬರು ಹೋದರು. ಜ್ವರ ಬಂದು ಮೂವರು ಹೋದರು. ಉಳಿದವರು ಮುದುಕರಾಗುತ್ತಿದ್ದಾರೆ.

*

ವಸಂತದ ಹಬ್ಬದ ದಿನ ಮಗ್ಗಗಳು ನಿಂತವು. ಗೂಳಿ ಹಾರುವ ಆಟ ಅಂಗಳದಲ್ಲೇ ನಡೆಯುತ್ತಿತ್ತೋ, ಹೊಳೆಯ ದಂಡೆಯ ಬಯಲಿನಲ್ಲೋ ಎಂಬ ಚರ್ಚೆ ಮುಗಿದಿಲ್ಲ. ನಾನು ಬಯಲನ್ನು ಆರಿಸಿಕೊಂಡಿದ್ದೇನೆ, ಓಡುವ ಗೂಳಿಗೆ ಜಾಗ ಬೇಕು.

ಬೇಲಿಯ ಬಳಿ ಗೂಳಿಗಳನ್ನು ನೋಡಿಕೊಳ್ಳುವ ಮುದುಕ ನಿಂತಿದ್ದಾನೆ. ಭುಜದ ಮೇಲೆ ಹಳೆಯ ಗೂಳಿಯ ತೊಗಲು, ಚಳಿಗೂ ಅದೇ, ಹಾಸಿಗೆಗೂ ಅದೇ. ಕೊಟ್ಟಿಗೆಯಲ್ಲಿ ಉಳುವ ಜೋಡಿಗಳೂ ಅವನವೇ. ಒಂದೊಂದನ್ನೇ ಕರೆಯುತ್ತಾನೆ, ಅವು ಕಿವಿ ಆಡಿಸುತ್ತವೆ.

"ಇವನು ಕರಿಯ. ಅವನು ಮಚ್ಚ, ಮೈಯೆಲ್ಲ ಚುಕ್ಕೆ ನೋಡು. ಆಚೆಯವನು ಬಿಳಿಗಾಲ, ಸ್ವಲ್ಪ ಮೊಂಡ. ನಿನ್ನ ಹೆಸರೇನು ಮಗಳೇ?"

ಈ ಮನೆಗೆ ಬಂದ ಮೇಲೆ ಅವಳ ಹೆಸರು ಕೇಳಿದವನು ಇವನೊಬ್ಬ. ಅವಳು ಹೇಳುತ್ತಾಳೆ. ಮುದುಕ ಅದನ್ನು ಎರಡು ಸಲ ಬಾಯಲ್ಲಿ ಆಡಿಸಿ ನೋಡುತ್ತಾನೆ, ಮರೆಯಬಾರದೆನ್ನುವ ಹಾಗೆ.

ಕೊಂಬು ಊದುತ್ತದೆ. ಬಾಗಿಲು ತೆಗೆದ ರಭಸಕ್ಕೆ ನೆಲ ಅದುರುತ್ತದೆ. ಕಂದು-ಬಿಳುಪು ಮೈಯ ದೊಡ್ಡ ಗೂಳಿ, ನಾಲ್ಕೂ ಕಾಲು ಚಾಚಿ, ತಲೆ ತಗ್ಗಿಸಿ ಬರುತ್ತಿದೆ. ಎದುರಿಗೆ ಒಬ್ಬ ಕೊಂಬಿನ ಹತ್ತಿರಕ್ಕೇ ನುಗ್ಗುತ್ತಾನೆ. ಇನ್ನೊಬ್ಬ ನೆಲಬಿಟ್ಟ. ಅವನ ಕೈ ಗೂಳಿಯ ಬೆನ್ನಿಗೆ ತಾಗುತ್ತದೆ, ಕಾಲು ಆಕಾಶಕ್ಕೆ, ಮೈ ಬಿಲ್ಲಾಗಿ ಬಾಗುತ್ತದೆ, ಒಂದು ಉಸಿರಿನಷ್ಟು ಹೊತ್ತು ಬೆನ್ನ ಮೇಲೆ ತಲೆಕೆಳಗಾಗಿ ನಿಲ್ಲುತ್ತಾನೆ. ಹಿಂದೆ ನಿಂತವಳು ಎರಡೂ ತೋಳು ಚಾಚಿ ಕಾಯುತ್ತಿದ್ದಾಳೆ. ಅವನು ಅವಳ ಮುಂದೆ ನೆಲಕ್ಕೆ ಇಳಿದಾಗ ಜನ ಕೂಗಿದ ಕೂಗಿಗೆ ತೋಪಿನ ಹಕ್ಕಿಗಳೆಲ್ಲ ಎದ್ದವು. ಈ ಕ್ಷಣವನ್ನೇ ಅರಮನೆಯ ಗೋಡೆಯ ಮೇಲೆ ಯಾರೋ ಚಿತ್ರಿಸಿದ್ದಾರೆ. ಆ ಚಿತ್ರ ಈಗ ಹೆರಾಕ್ಲಿಯನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಮೇರಿ ರೆನೋ 1958ರ ತಮ್ಮ ಕಾದಂಬರಿ 'ದಿ ಕಿಂಗ್ ಮಸ್ಟ್ ಡೈ'ಯಲ್ಲಿ ಥೀಸಿಯಸ್‌ನನ್ನೂ ಅವನ ಜೊತೆಯವರನ್ನೂ ಇಂಥ ಗೂಳಿ ಹಾರುವವರನ್ನಾಗಿ ಮಾಡಿದರು. ಕಪ್ಪದ ಮಕ್ಕಳ ಕತೆಗೆ ಚರಿತ್ರೆಯ ದಾರಿ ತೆರೆದವರಲ್ಲಿ ಅವರ ಹೆಸರು ದೊಡ್ಡದು.

ಆಟ ಮುಗಿಯಿತು. ಗೂಳಿಯ ಬಾಯಿಯಲ್ಲಿ ನೊರೆ. ಮುದುಕ ಅದರ ಗಂಗೆದೊಗಲನ್ನು ನೀವುತ್ತ ಏನೋ ಹೇಳುತ್ತಿದ್ದಾನೆ. ಅಷ್ಟರಲ್ಲಿ ಹಗ್ಗ ಬಂತು, ಮೇಜು ಬಂತು. ಕಾಲು ಕಟ್ಟಿ ಮೇಜಿನ ಮೇಲೆ ಮಲಗಿಸಿದರು. ಒಬ್ಬ ಜೋಡಿ ಕೊಳಲು ಊದುತ್ತಾನೆ. ಉದ್ದ ನಿಲುವಂಗಿಯ ಹೆಂಗಸು ಮುಂದೆ ಬರುತ್ತಾಳೆ. ಕತ್ತಿನಿಂದ ಇಳಿದ ರಕ್ತವನ್ನು ಕೆಳಗಿಟ್ಟ ಪಾತ್ರೆ ತುಂಬಿಕೊಳ್ಳುತ್ತದೆ. ಇದೂ ಕಲ್ಪನೆಯಲ್ಲ. ದ್ವೀಪದ ದಕ್ಷಿಣದ ಹಾಗಿಯಾ ಟ್ರಿಯಾಡಾದಲ್ಲಿ ಸಿಕ್ಕ, ಇದೇ ಕಾಲದ ಶವಪೆಟ್ಟಿಗೆಯ ಮೇಲೆ ಹೀಗೇ ಬಣ್ಣದಲ್ಲಿ ಬರೆದಿದ್ದಾರೆ: ಮೇಜು, ಕಟ್ಟಿದ ಗೂಳಿ, ಕೊಳಲಿನವನು, ಪಾತ್ರೆ.

ಮುದುಕ ಬೇಲಿಯ ಕಡೆ ಮುಖ ತಿರುಗಿಸಿ ನಿಂತಿದ್ದಾನೆ. ಹುಡುಗಿ ಕಣ್ಣು ಮುಚ್ಚುವುದಿಲ್ಲ. ಮನುಷ್ಯರನ್ನು ತಿನ್ನುವ ಗೂಳಿಯ ಕತೆ ಕೇಳುತ್ತ ಬೆಳೆದವಳು ಅವಳು. ಈ ರಾತ್ರಿ ಬೀದಿಬೀದಿಯಲ್ಲಿ ಮನುಷ್ಯರು ಗೂಳಿಯ ಮಾಂಸ ಉಣ್ಣುವುದನ್ನು ನೋಡುತ್ತಾಳೆ.

*

ನಡುರಾತ್ರಿ. ಕೊಠಡಿಯ ಬಾಗಿಲಲ್ಲಿ ದೀಪ. ಒಡೆಯನ ಮಗಳು ಅರಿಯಾಡ್ನೆ ಬಂದಿದ್ದಾಳೆ, ನೆರಿಗೆಯ ಲಂಗದ ಸರಬರ ಸದ್ದಿಗೆ ನೂಲುವವರೆಲ್ಲ ಎದ್ದು ಕೂತರು. ಅವಳು ಹುಡುಗಿಯ ಬುಟ್ಟಿಯಿಂದ ದೊಡ್ಡದೊಂದು ನೂಲಿನ ಉಂಡೆ ಎತ್ತಿಕೊಂಡು, ಒಂದೂ ಮಾತಾಡದೆ ಹೊರಟುಹೋದಳು.

ಸ್ವಲ್ಪ ಹೊತ್ತಿಗೆ ಥೀಸಿಯಸ್ ಬಂದ. ಸೊಂಟದಲ್ಲಿ ಕತ್ತಿ, ಎಡಗೈಯಲ್ಲಿ ಅದೇ ಉಂಡೆ.

"ಏಳಿ. ನೂಲು ಹಿಡಿದು ಹೊರಗೆ ನಡೆಯಿರಿ. ನಾನು ಅದನ್ನು ಮುಗಿಸಿ ಬರುತ್ತೇನೆ."

"ಯಾವುದನ್ನಣ್ಣ?" ಎಂದಳು ಹುಡುಗಿ. ಅವನಿಗೆ ಕೇಳಿಸಲಿಲ್ಲ.

ಈಗ ನೀವೂ ಕತ್ತಲೆಗೆ ಇಳಿಯಿರಿ. ದೊಡ್ಡ ಮೆಟ್ಟಿಲು ಕೆಳಗಿಳಿದು, ತಿರುಗಿ, ಮತ್ತೆ ಇಳಿಯುತ್ತದೆ. ಮೂಡಣ ಭಾಗದಲ್ಲಿ ಮನೆ ಗುಡ್ಡವನ್ನು ಕೊರೆದು ಅಂತಸ್ತಿನ ಕೆಳಗೆ ಅಂತಸ್ತಾಗಿ ನಿಂತಿದೆ. ಅಂಗೈಗೆ ಗೋಡೆ ತಣ್ಣಗೆ, ಒದ್ದೆಯಾಗಿ ತಾಗುತ್ತದೆ. ಬೆರಳಿಗೆ ನೂಲು ಸಿಗುತ್ತದೆ. ಅವಳೇ ಹೊಸೆದ ನೂಲು, ಎಲ್ಲಿ ದಪ್ಪ, ಎಲ್ಲಿ ಗಂಟು ಎಂದು ಬೆರಳೇ ಬಲ್ಲುದು.

ಆಗ ಅದು ಕೇಳಿಸಿತು.

ಮೊದಲು ಕಾಲಿಗೆ, ಆಮೇಲೆ ಕಿವಿಗೆ. ನೆಲದ ಆಳದಿಂದ ಎದ್ದ ಗುಟುರು. ಗೋಡೆಯ ಸುಣ್ಣ ಉದುರಿತು, ಎಲ್ಲೋ ಗುಡಾಣವೊಂದು ಉರುಳಿ ಒಡೆಯಿತು. ಚಿಕ್ಕ ಮಕ್ಕಳು ಚೀರಿದರು: "ಅದು ಎದ್ದಿದೆ!" ಮತ್ತೊಮ್ಮೆ ಗುಟುರು, ದೀರ್ಘವಾಗಿ, ನಿಮ್ಮ ಎದೆಗೂಡಿನಲ್ಲೇ ಮೊಳಗಿದಂತೆ.

ಕ್ರೀಟ್ ಭೂಕಂಪದ ನಾಡು. ಈ ಅರಮನೆಯೇ ಕ್ರಿ.ಪೂ. 1700ರ ಸುಮಾರಿಗೆ ಕುಸಿದು ಮತ್ತೆ ಕಟ್ಟಿಸಿಕೊಂಡದ್ದು. ನೆಲ ನಡುಗಿಸುವವನು ಪೊಸೈಡನ್, ಅವನಿಗೆ ಸಲ್ಲುವ ಬಲಿ ಗೂಳಿ. ಮೂರು ಸಾವಿರ ವರ್ಷ ಕಳೆದ ಮೇಲೆ, 1926ರ ಜೂನ್ 26ರ ರಾತ್ರಿ, ಈ ಅರಮನೆಯನ್ನು ಅಗೆಯುತ್ತಿದ್ದ ಆರ್ಥರ್ ಇವಾನ್ಸ್ ಪಕ್ಕದ ತಮ್ಮ ಬಂಗಲೆಯಲ್ಲಿ ಮಲಗಿದ್ದಾಗ ನೆಲ ಕಂಪಿಸಿತು. ನೆಲದೊಳಗಿಂದ ಬಂದ ಸದ್ದು ಅವರಿಗೂ ಕೆರಳಿದ ಗೂಳಿಯ ಗುಟುರಾಗಿಯೇ ಕೇಳಿಸಿತು. ಮಕ್ಕಳ ಕಿವಿ ಸುಳ್ಳಾಡಿರಲಿಲ್ಲ.

ಮುಂದಿನ ಕೋಣೆಯಿಂದ ಒಂದು ಕೂಗು, ಕತ್ತಿ ಕಲ್ಲಿಗೆ ತಾಗಿದ ಸದ್ದು. ಆಮೇಲೆ ಥೀಸಿಯಸ್ ಹೊರಬಂದ. ಮೊಣಕೈವರೆಗೂ ರಕ್ತ, ಕಣ್ಣಿನಲ್ಲಿ ಹುಚ್ಚು ಬೆಳಕು.

"ಮುಗಿಯಿತು! ಕೊಂಬಿತ್ತು, ನಾನೇ ಕಂಡೆ. ಓಡಿ!"

ಎಲ್ಲರೂ ಓಡಿದರು. ಹುಡುಗಿ ಬಾಗಿಲಲ್ಲಿ ಒಂದು ಕ್ಷಣ ನಿಂತಳು. ನೀವು ಅವಳ ಹಿಂದೆ ಇದ್ದೀರಿ, ನಿಮಗೂ ಕಾಣುತ್ತದೆ. ಗೋಡೆಯ ಮೇಲೆ ತೂಗುಹಾಕಿದ ಹರಕೆಯ ಕೊಂಬುಗಳು. ನೆಲದ ಮೇಲೆ ಹೊದ್ದು ಮಲಗಿದ್ದ ಗೂಳಿಯ ತೊಗಲು, ಅದರ ಕೆಳಗಿನಿಂದ ಚಾಚಿದ ಎರಡು ಬರಿಗಾಲು. ಹಿಮ್ಮಡಿ ಒಡೆದ, ಸಗಣಿ ಮೆತ್ತಿದ, ಮುದುಕನ ಕಾಲು. ನೆಲ ನಡುಗಿತೆಂದು ಎದ್ದು, ತನ್ನ ದನಗಳ ಕಡೆ ಹೊರಟಿದ್ದನೇನೋ.

ಹಿಂದಿನ ಓಣಿಯಲ್ಲಿ ಮಗ್ಗದ ಅಕ್ಕ ಮಗನ ಕೈ ಹಿಡಿದು ನಿಂತಿದ್ದಳು. ನೂಲು ಅವಳವರೆಗೂ ಬಂದಿತ್ತು. ಹುಡುಗಿ ಕೈ ಚಾಚಿದಳು: "ಬಾ ಅಕ್ಕ." ಮುಂದಿನಿಂದ ಥೀಸಿಯಸ್‌ನ ದನಿ ಬಂತು, ದೋಣಿಯಲ್ಲಿ ಜಾಗವಿಲ್ಲ, ಹದಿನಾಲ್ಕು ಮಂದಿ ಬಂದಿದ್ದೇವೆ, ಹದಿನಾಲ್ಕೇ ಮಂದಿ ಹೋಗಬೇಕು ಎಂದು. ಹೆಂಗಸು ಮಗನನ್ನು ಎದೆಗೊತ್ತಿಕೊಂಡು ಹಿಂದೆ ಸರಿದಳು.

"ಅವ್ವನಿಗೆ ಹೇಳು," ಎಂದಳು. ಏನು ಹೇಳಬೇಕೆಂದು ಹೇಳುವಷ್ಟರಲ್ಲಿ ದೀಪ ಆರಿತು.

*

ಅಥೆನ್ಸ್‌ನಲ್ಲಿ ನಡೆದದ್ದನ್ನು ಜಗತ್ತೇ ಬಲ್ಲದು. ಬಿಳಿಯ ಹಾಯಿ ಏರಿಸಲು ಮರೆತರು, ಕಪ್ಪು ಹಾಯಿ ಕಂಡ ತಂದೆ ಈಜಿಯಸ್ ಸಮುದ್ರಕ್ಕೆ ಹಾರಿದ, ಮಗ ದೊರೆಯಾದ. ಜಾತ್ರೆಯಾಯಿತು, ಹಾಡುಗಳಾದವು. ಬಾವಿಯ ಪಕ್ಕದ ಮುದುಕಿ ಬಂದು ಕುಂಬಾರನ ಮಗಳ ಎರಡೂ ಕೈ ಹಿಡಿದುಕೊಂಡಳು. ಹುಡುಗಿ ನಿಜ ಹೇಳಿದಳು: ನಿಮ್ಮ ಮಗಳು ಬದುಕಿದ್ದಾಳೆ, ನೇಯುತ್ತಾಳೆ, ನಿಮಗೊಬ್ಬ ಮೊಮ್ಮಗನಿದ್ದಾನೆ. ಪಕ್ಕದಲ್ಲಿದ್ದವರು ಹುಡುಗಿಗೆ ಭಯದಿಂದ ಬುದ್ಧಿ ಕೆಟ್ಟಿದೆ ಎಂದರು. ಬದುಕಿರುವವರನ್ನು ಬಿಟ್ಟು ಬಂದೆವು ಎನ್ನುವುದಕ್ಕಿಂತ ಸತ್ತವರ ಸೇಡು ತೀರಿಸಿ ಬಂದೆವು ಎನ್ನುವುದು ಊರಿಗೆ ಸುಲಭವಾಗಿತ್ತು.

ಆದರೂ ಆ ಹುಡುಗಿಯ ಮಾತು ಪೂರ್ತಿ ಅಳಿಯಲಿಲ್ಲ ಎಂದು ನನಗೆ ಅನಿಸುವುದುಂಟು. ಥೀಸಿಯಸ್‌ನ ಜೀವನ ಬರೆದ ಪ್ಲುಟಾರ್ಕ್ ಬೇರೆಬೇರೆ ಪಾಠಗಳನ್ನು ದಾಖಲಿಸುತ್ತಾನೆ. ಕ್ರೀಟ್‌ನವರು ಮಿನೋಟಾರ್ ಕತೆಯನ್ನು ಒಪ್ಪುತ್ತಿರಲಿಲ್ಲವಂತೆ. ಲ್ಯಾಬಿರಿಂತ್ ಒಂದು ಸೆರೆಮನೆ, ಅಷ್ಟೇ ಎನ್ನುತ್ತಿದ್ದರಂತೆ. ಅರಿಸ್ಟಾಟಲ್‌ನ ಅಭಿಪ್ರಾಯವನ್ನೂ ಅವನು ಹೇಳುತ್ತಾನೆ: ಆ ಮಕ್ಕಳನ್ನು ಮಿನೋಸ್ ಕೊಲ್ಲಿಸಲಿಲ್ಲ, ಅವರು ಕ್ರೀಟ್‌ನಲ್ಲೇ ಆಳುಗಳಾಗಿ ದುಡಿದು ಮುದುಕರಾದರು. ಕಾವ್ಯ ನಾಟಕಗಳ ಬಲವಿರುವ ಊರಿನ ದ್ವೇಷ ಕಟ್ಟಿಕೊಳ್ಳುವುದು ಎಷ್ಟು ಅಪಾಯ ಎಂಬುದಕ್ಕೆ ಮಿನೋಸ್‌ನೇ ಸಾಕ್ಷಿ ಎಂದೂ ಸೇರಿಸುತ್ತಾನೆ. ಅಥೆನ್ಸಿಗೆ ರಂಗಭೂಮಿಯಿತ್ತು. ಮಗ್ಗದ ಅಕ್ಕನಿಗೆ ಏನೂ ಇರಲಿಲ್ಲ.

ಅವಳ ಪರವಾಗಿ ಸಾಕ್ಷಿ ಹೇಳಿದ್ದು ಬೆಂಕಿ. ಕ್ರಿ.ಪೂ. 14ನೇ ಶತಮಾನದಲ್ಲಿ ಕ್ನೋಸಸ್ ಅರಮನೆ ಹೊತ್ತಿ ಉರಿಯಿತು. ವರ್ಷ ಕಳೆದ ಮೇಲೆ ನೆನೆಸಿ ಮತ್ತೆ ಬಳಸಬೇಕಾಗಿದ್ದ ಹಸಿ ಹಲಗೆಗಳೆಲ್ಲ ಆ ಉರಿಯಲ್ಲಿ ಬೆಂದು ಗಟ್ಟಿಯಾದವು. ಹೆರಾಕ್ಲಿಯನ್‌ನ ವ್ಯಾಪಾರಿ ಮಿನೋಸ್ ಕಲೋಕೈರಿನೋಸ್ 1878ರಲ್ಲಿ ಮೊದಲು ಗುದ್ದಲಿ ಹಾಕಿದರು. 1900ರ ಮಾರ್ಚ್ 23ರಂದು ಇವಾನ್ಸ್ ಅಗೆತ ಶುರುಮಾಡಿದರು, ಕೆಲವೇ ದಿನಗಳಲ್ಲಿ ಹಲಗೆಗಳು ಮೇಲೆ ಬಂದವು. ಲೀನಿಯರ್ ಬಿ ಎಂದು ಹೆಸರಾದ ಆ ಲಿಪಿಯನ್ನು ವಾಸ್ತುಶಿಲ್ಪಿ ಮೈಕೆಲ್ ವೆಂಟ್ರಿಸ್ 1952ರಲ್ಲಿ ಬಿಡಿಸಿದಾಗ, ಅದು ಗ್ರೀಕ್ ಎಂದು ತಿಳಿದು ವಿದ್ವಾಂಸರು ಬೆರಗಾದರು. ಮಹಾಕಾವ್ಯಕ್ಕಾಗಿ ಕಾದಿದ್ದವರಿಗೆ ಸಿಕ್ಕದ್ದು ಲೆಕ್ಕ. ಎಣ್ಣೆ, ಉಣ್ಣೆ, ಕುರಿ, ರಥದ ಗಾಲಿ. ಒಂದು ಹಲಗೆಯಲ್ಲಿ ಎಲ್ಲ ದೇವರಿಗೆ ಒಂದು ಗಡಿಗೆ ಜೇನು, ಲ್ಯಾಬಿರಿಂತ್‌ನ ಒಡತಿಗೆ ಒಂದು ಗಡಿಗೆ ಜೇನು. ಲ್ಯಾಬಿರಿಂತ್ ಇತ್ತು, ಅದಕ್ಕೊಬ್ಬ ದೇವಿಯಿದ್ದಳು. ರಾಕ್ಷಸನ ಸುದ್ದಿ ಎಲ್ಲೂ ಇಲ್ಲ.

ಆ ಲೆಕ್ಕದಲ್ಲೇ ಉಳುವ ಎತ್ತುಗಳ ಜೋಡಿಗಳ ಪಟ್ಟಿಯಿದೆ. ಎತ್ತುಗಳಿಗೆ ಹೆಸರಿದೆ: ಕೆಲೈನೋಸ್ ಕಪ್ಪು ಎತ್ತು, ಐವೋಲೋಸ್ ಚುಕ್ಕೆಯದು, ಪೊದಾರ್ಗೋಸ್ ಬಿಳಿಗಾಲಿನದು. ಜೋಡಿಯ ಪಕ್ಕದಲ್ಲಿ ಅವುಗಳನ್ನು ನೋಡಿಕೊಳ್ಳುವವನ ಹೆಸರೂ ಇದೆ. ದುಡಿಯುವ ಹೆಂಗಸರ ಗುಂಪುಗಳ ಪಟ್ಟಿ ಬೇರೆ. ಅಲ್ಲಿ ಗುಂಪಿಗೆ ಊರಿನದೋ ಕಸುಬಿನದೋ ಹೆಸರು, ಜೊತೆಗಿರುವ ಮಕ್ಕಳಿಗೆ ದೊಡ್ಡ ಹುಡುಗಿಯರು ಇಷ್ಟು, ಚಿಕ್ಕ ಹುಡುಗರು ಇಷ್ಟು ಎಂಬ ಗೆರೆಗಳು. ಹಲಗೆಗಳ ಮೇಲಿನ ಅಂಗೈ ಗುರುತುಗಳನ್ನು ಪರೀಕ್ಷಿಸಿದವರು ಇನ್ನೊಂದು ಸಂಗತಿ ಕಂಡರು. ಮಣ್ಣು ನಾದಿ ತಟ್ಟಿದವರಲ್ಲಿ ಮಕ್ಕಳೂ ಇದ್ದರು.

ನಾನು ಈ ಕತೆಯನ್ನು ಮತ್ತೆ ಹೇಳಿದ್ದು ಈ ಎರಡು ಪಟ್ಟಿಗಳಿಗಾಗಿ. ಎತ್ತಿಗೆ ಹೆಸರು ಬರೆದು, ಮಗುವಿಗೆ ಗೆರೆ ಎಳೆದ ಮನೆಯೊಂದಿತ್ತು. ಅಲ್ಲಿಗೆ ಮಕ್ಕಳನ್ನು ಕಳಿಸಿದ ಊರಿನವರಿಗೆ ಆ ಮನೆಯ ಕ್ರೌರ್ಯವನ್ನು ಹೇಳಲು ಕೊಂಬಿನ ತಲೆಯೊಂದು ಬೇಕಾಯಿತು. ನೆಲದ ಗುಟುರಿನಿಂದ, ಹಬ್ಬದ ರಕ್ತದಿಂದ, ತಿರುವಿನ ಮೇಲೆ ತಿರುವಿನ ಓಣಿಗಳಿಂದ ಅವರು ಅದನ್ನು ಕಟ್ಟಿಕೊಂಡರು. ಆ ರಾಕ್ಷಸನನ್ನು ನಾನು ಸುಳ್ಳೆನ್ನಲಾರೆ. ಮಕ್ಕಳನ್ನು ನುಂಗಿದ್ದು ನಿಜ, ನುಂಗಿದ ಬಾಯಿ ಮಾತ್ರ ಬೇರೆ. ಕೊಂಬಿದ್ದವನನ್ನು ಕೊಂದ ವೀರನಿಗೆ ಸಾವಿರ ಹಾಡುಗಳಿವೆ. ಎಣಿಕೆಯಲ್ಲಿ ಕರಗಿಹೋದ ಮಕ್ಕಳ ಕಡೆ ನಿಂತು ಕತೆ ಹೇಳುವುದು ಈ ಕಾಲದ ಬರಹಗಾರನ ಪಾಲಿಗೆ ಬಂದ ಕೆಲಸ. ಗೆರೆ ಎಳೆದ ಕೈ ಯಾವ ಯುಗದಲ್ಲಿ ಕಂಡರೂ ಅದರ ಗುರುತು ಹಿಡಿಯುವ ಕಣ್ಣನ್ನು ಓದುಗನಿಗೆ ಕೊಡಬಲ್ಲದ್ದು ಅಂಥ ಕತೆಯೇ.